ಅಗ್ಗದ ಮಲ್ಟಿಮೀಟರು ಮತ್ತು ಬ್ಯಾಟರಿ ಚಾರ್ಜರು

ವಿದ್ಯುತ್ ಸರಬರಾಜು ನಿಂತಾಗ ದೀಪವನ್ನೂ ಫ್ಯಾನನ್ನೂ ನಡೆಸುವ ಇನ್ವರ್ಟರ್ ಬ್ಯಾಟರಿಯು ಮಧ್ಯಮ ವರ್ಗದ ಮನೆಗೆ ಸಣ್ಣ ಖರ್ಚಲ್ಲ. ಹಲವು ವರ್ಷ ಬಾಳಬೇಕಾದ ಬ್ಯಾಟರಿಯು ಎರಡೇ ವರ್ಷದಲ್ಲಿ ಸೋತರೆ ಬಳಕೆದಾರರು ಅದರ ತಯಾರಕರನ್ನು ದೂರುತ್ತಾರೆ; ದುರಸ್ತಿಗೆ ಬಂದವರು ಚಾರ್ಜರನ್ನು ದೂರುತ್ತಾರೆ. ಚಾರ್ಜರು ತಪ್ಪಿದೆ ಎಂಬ ತೀರ್ಪನ್ನು ಕೊಟ್ಟದ್ದು ಕೆಲವು ನೂರು ರೂಪಾಯಿ ಬೆಲೆಯ ಒಂದು ಮಲ್ಟಿಮೀಟರ್ ಎಂಬುದು ಮಾತ್ರ ಸಾಮಾನ್ಯವಾಗಿ ಯಾರ ಗಮನಕ್ಕೂ ಬರುವುದಿಲ್ಲ.

ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್, ದೆಹಲಿಯ ಲಜಪತ್ ರಾಯ್ ಮಾರುಕಟ್ಟೆ, ಬೆಂಗಳೂರಿನ ಎಸ್.ಪಿ. ರಸ್ತೆ ಮೊದಲಾದ ಕಡೆಗಳಲ್ಲಿ ಈ ಹಳದಿ ಅಥವಾ ಕಪ್ಪು ಬಣ್ಣದ ಚಿಕ್ಕ ಮೀಟರುಗಳು ಹೇರಳವಾಗಿ ದೊರೆಯುತ್ತವೆ. ಬೆಲೆಗೆ ಹೋಲಿಸಿದರೆ ಅವು ಮಾಡುವ ಕೆಲಸ ನಿಜಕ್ಕೂ ದೊಡ್ಡದು. ಆದರೆ ಅಂಕಿಗಳು ಸ್ಪಷ್ಟವಾಗಿ ಮೂಡುತ್ತವೆ ಎಂದ ಮಾತ್ರಕ್ಕೆ ಅವು ಸತ್ಯವನ್ನೇ ಹೇಳುತ್ತಿವೆ ಎಂದು ತಿಳಿಯುವಂತಿಲ್ಲ. ಬ್ಯಾಟರಿಯ ವಿಷಯದಲ್ಲಿ ಈ ಎಚ್ಚರಿಕೆ ವಿಶೇಷವಾಗಿ ಅಗತ್ಯ. ಏಕೆಂದರೆ ಇಲ್ಲಿ ಲೆಕ್ಕಕ್ಕೆ ಬರುವ ವ್ಯತ್ಯಾಸ ಒಂದು ವೋಲ್ಟಿನ ಹತ್ತನೆಯ ಒಂದೆರಡು ಭಾಗ ಮಾತ್ರ.

ಹತ್ತನೆಯ ಒಂದು ಭಾಗದ ಬೆಲೆ

ಮನೆಗಳಲ್ಲಿರುವ ಸೀಸ-ಆಮ್ಲ ಬ್ಯಾಟರಿಯಲ್ಲಿ ಆರು ಕೋಶಗಳಿರುತ್ತವೆ. 12 ವೋಲ್ಟಿನದೆಂದು ಕರೆದರೂ ಪೂರ್ತಿ ತುಂಬಿ, ಕೆಲವು ಗಂಟೆ ವಿರಾಮ ಪಡೆದ ಬ್ಯಾಟರಿಯು ಸಾಮಾನ್ಯವಾಗಿ 12.6 ವೋಲ್ಟಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದನ್ನು ತುಂಬಿಸುವಾಗ ಚಾರ್ಜರು ಸುಮಾರು 14.4 ವೋಲ್ಟಿನವರೆಗೆ ಏರಿಸುತ್ತದೆ. ತುಂಬಿದ ಮೇಲೆ ಅದೇ ಸ್ಥಿತಿಯಲ್ಲಿ ಕಾಯ್ದಿಡಲು 13.5ರಿಂದ 13.8 ವೋಲ್ಟಿಗೆ ಇಳಿಸುತ್ತದೆ. ಈ ಎರಡನೆಯದನ್ನು ಫ್ಲೋಟ್ ವೋಲ್ಟೇಜು ಎನ್ನುತ್ತಾರೆ. ವರ್ಷದ ಬಹುಪಾಲು ದಿನ ಬ್ಯಾಟರಿಯು ಈ ಸ್ಥಿತಿಯಲ್ಲೇ ಇರುವುದರಿಂದ ಅದರ ಆಯುಸ್ಸು ಬಹುಮಟ್ಟಿಗೆ ಇದರ ಮೇಲೆ ನಿಂತಿದೆ.

ಫ್ಲೋಟ್ ವೋಲ್ಟೇಜು ಹೆಚ್ಚಾದರೆ ಒಳಗಿನ ನೀರು ಜಲಜನಕ ಮತ್ತು ಆಮ್ಲಜನಕಗಳಾಗಿ ಒಡೆದು ಹೊರಗೆ ಹೋಗುತ್ತದೆ, ಧನಫಲಕದ ಸೀಸದ ಚೌಕಟ್ಟು ಸವೆಯುತ್ತದೆ. ಕಡಿಮೆಯಾದರೆ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾದ ಹರಳುಗಳಾಗಿ ಕೂರುತ್ತದೆ. ಹೀಗೆ ಕೂತದ್ದು ಮತ್ತೆ ಸುಲಭವಾಗಿ ಕರಗುವುದಿಲ್ಲ. ಮೊದಲನೆಯ ತಪ್ಪು ನೀರಿನ ಮಟ್ಟ ಇಳಿಯುವುದರಿಂದ ಕಣ್ಣಿಗೆ ಕಾಣುತ್ತದೆ. ಎರಡನೆಯದು ಏನೂ ಸದ್ದು ಮಾಡದೆ ಬ್ಯಾಟರಿಯ ಶಕ್ತಿಯನ್ನು ತಿಂದುಹಾಕುತ್ತದೆ. ಹಿಂದೆ ಮೂರು ಗಂಟೆ ಉರಿಯುತ್ತಿದ್ದ ದೀಪ ಒಂದೇ ಗಂಟೆಗೆ ಆರಿದಾಗ ಮಾತ್ರ ಅದು ತಿಳಿಯುತ್ತದೆ.

ಲಿಥಿಯಂ-ಅಯಾನ್ ಕೋಶಗಳಲ್ಲಿ ಅವಕಾಶ ಇನ್ನೂ ಕಿರಿದು. ಸಾಮಾನ್ಯ ಬಗೆಯ ಒಂದು ಕೋಶವನ್ನು 4.20 ವೋಲ್ಟಿನವರೆಗೆ ತುಂಬಿಸಬೇಕು, ಆಚೀಚೆ 0.05 ವೋಲ್ಟ್ ಮಾತ್ರ ಸಹ್ಯ. 4.10ಕ್ಕೇ ನಿಂತರೆ ಹತ್ತರಲ್ಲಿ ಒಂದು ಪಾಲಿನಷ್ಟು ಸಾಮರ್ಥ್ಯ ಬಳಕೆಗೆ ಸಿಗದೆ ಉಳಿಯುತ್ತದೆ, ಅಷ್ಟೆ. ಆದರೆ ಮಿತಿಯನ್ನು ಮೀರಿ ತುಂಬಿಸುವುದು ಬೆಂಕಿಗೆ ದಾರಿ.

ಈಗ ಮೀಟರಿನ ಕಡೆ ನೋಡಬಹುದು. ಅಗ್ಗದ ಮೀಟರಿನ ಜೊತೆ ಬರುವ ಚೀಟಿಯಲ್ಲಿ ನೇರ ವಿದ್ಯುತ್ತಿನ ವೋಲ್ಟೇಜಿಗೆ ಸಾಮಾನ್ಯವಾಗಿ ಶೇಕಡಾ 0.5 ಮತ್ತು ಅದರ ಮೇಲೆ ಕೊನೆಯ ಸ್ಥಾನದಲ್ಲಿ 2 ಅಂಕಿಗಳಷ್ಟು ತಪ್ಪು ಸಾಧ್ಯವೆಂದು ಬರೆದಿರುತ್ತದೆ. 20 ವೋಲ್ಟಿನ ವ್ಯಾಪ್ತಿಯಲ್ಲಿ 14.40 ಎಂದು ತೋರಿದರೆ ಶೇಕಡಾ 0.5 ಎಂದರೆ 0.07, ಎರಡು ಅಂಕಿ ಎಂದರೆ 0.02, ಒಟ್ಟು ಆಚೀಚೆ ಸುಮಾರು 0.09 ವೋಲ್ಟ್. ಲಿಥಿಯಂ ಕೋಶದ 4.20ರಲ್ಲಿ ಇದೇ ಲೆಕ್ಕ 0.04 ವೋಲ್ಟಿಗೆ ಬರುತ್ತದೆ. ಕೋಶಕ್ಕೆ ಸಹ್ಯವಾದ 0.05ರಲ್ಲಿ ಬಹುಪಾಲನ್ನು ಮೀಟರೇ ನುಂಗಿಬಿಟ್ಟಂತಾಯಿತು. ಇದೂ ಮೀಟರು ಹೊಸದಾಗಿದ್ದು, ಚೀಟಿಯಲ್ಲಿ ಬರೆದದ್ದು ನಿಜವಾಗಿದ್ದು, ಕೋಣೆಯ ಉಷ್ಣತೆ 18ರಿಂದ 28 ಡಿಗ್ರಿ ಸೆಲ್ಸಿಯಸಿನ ಒಳಗಿದ್ದಾಗಿನ ಮಾತು. ಮೇ ತಿಂಗಳ ದೆಹಲಿಯಲ್ಲಾಗಲಿ ಚೆನ್ನೈನಲ್ಲಾಗಲಿ ಆ ಕೊನೆಯ ಷರತ್ತು ಎಷ್ಟರಮಟ್ಟಿಗೆ ನೆರವೇರುತ್ತದೆ ಎಂಬುದನ್ನು ಅಲ್ಲಿ ವಾಸಿಸುವವರಿಗೆ ಹೇಳಬೇಕಾಗಿಲ್ಲ.

ದೆಹಲಿಯ ರಸ್ತೆಗಳಲ್ಲಿ ಓಡುವ ಅನೇಕ ಇ-ರಿಕ್ಷಾಗಳಲ್ಲಿರುವಂತೆ ನಾಲ್ಕು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ 48 ವೋಲ್ಟ್ ಮಾಡಿದ್ದರೆ ಮೀಟರನ್ನು 200 ವೋಲ್ಟಿನ ವ್ಯಾಪ್ತಿಗೆ ತಿರುಗಿಸಬೇಕಾಗುತ್ತದೆ. ಆಗ ಕೊನೆಯ ಅಂಕಿಯ ಬೆಲೆ 0.1 ವೋಲ್ಟ್ ಆಗುವುದರಿಂದ 57.6 ವೋಲ್ಟನ್ನು ಅಳೆಯುವಲ್ಲಿ ಆಚೀಚೆ ಅರ್ಧ ವೋಲ್ಟಿನಷ್ಟು ಸಂದೇಹ ಉಳಿಯುತ್ತದೆ. ಪ್ರತಿಯೊಂದು ಬ್ಯಾಟರಿಯನ್ನೂ ಬೇರೆಬೇರೆಯಾಗಿ 20 ವೋಲ್ಟಿನ ವ್ಯಾಪ್ತಿಯಲ್ಲಿ ಅಳೆಯುವುದು ಮೇಲು. ನಾಲ್ಕರಲ್ಲಿ ದುರ್ಬಲವಾದದ್ದು ಯಾವುದೆಂಬುದೂ ಆಗ ಹೊರಬೀಳುತ್ತದೆ.

ತೂಕದ ಕಲ್ಲು ಸವೆದಾಗ

ಅಂಕಿ ತೋರಿಸುವ ಮೀಟರು ವೋಲ್ಟೇಜನ್ನು ನೇರವಾಗಿ ಅಳೆಯುವುದಿಲ್ಲ, ಹೋಲಿಸುತ್ತದೆ. ಅದರೊಳಗೆ ಒಂದು ಚಿಕ್ಕ ಸ್ಥಿರ ವೋಲ್ಟೇಜನ್ನು ಆಧಾರವಾಗಿ ಇಟ್ಟಿರುತ್ತಾರೆ. ಹೊರಗಿನ ವೋಲ್ಟೇಜನ್ನು ರೋಧಕಗಳಿಂದ ತಕ್ಕಷ್ಟು ತಗ್ಗಿಸಿ, ಅದು ಈ ಆಧಾರದ ಎಷ್ಟು ಪಟ್ಟು ಎಂಬುದನ್ನು ಮೀಟರು ಎಣಿಸಿ ಹೇಳುತ್ತದೆ. ಹಲವು ಅಗ್ಗದ ಮೀಟರುಗಳಲ್ಲಿ ಈ ಆಧಾರ 100 ಮಿಲಿವೋಲ್ಟ್.

ಇದನ್ನು ತಕ್ಕಡಿಗೆ ಹೋಲಿಸಬಹುದು. ಕಿಲೋ ಎಂದು ಇಟ್ಟ ತೂಕದ ಕಲ್ಲು ಸವೆದು 950 ಗ್ರಾಂ ಆಗಿದ್ದರೆ, ಸರಿಯಾಗಿ ಒಂದು ಕಿಲೋ ಇರುವ ಅಕ್ಕಿ ಆ ತಕ್ಕಡಿಯಲ್ಲಿ ಕಿಲೋಗಿಂತ ಹೆಚ್ಚೆಂದು ತೋರುತ್ತದೆ. ಮೀಟರಿನಲ್ಲಿಯೂ ಹಾಗೆಯೇ. ಆಧಾರ ಕುಸಿದಷ್ಟೂ ಅಂಕಿ ಏರುತ್ತದೆ.

ಆಧಾರ ಕುಸಿಯುವುದಕ್ಕೆ ಅತ್ಯಂತ ಸಾಮಾನ್ಯವಾದ ಕಾರಣ ಮೀಟರಿನೊಳಗಿನ 9 ವೋಲ್ಟಿನ ಚೌಕ ಬ್ಯಾಟರಿ. ಅದು ಸುಮಾರು 7 ವೋಲ್ಟಿಗಿಂತ ಕೆಳಗೆ ಇಳಿದಾಗ ಇಂಥ ಅನೇಕ ಮೀಟರುಗಳಲ್ಲಿ ಆಧಾರ ವೋಲ್ಟೇಜು ಸ್ಥಿರವಾಗಿ ನಿಲ್ಲಲಾರದೆ ಜಾರತೊಡಗುತ್ತದೆ. ಅಂಕಿಗಳು ಮಾತ್ರ ಮೊದಲಿನಂತೆಯೇ ಮೂಡುತ್ತಿರುತ್ತವೆ. ಬ್ಯಾಟರಿ ಕ್ಷೀಣಿಸಿದೆ ಎಂದು ತಿಳಿಸುವ ಚಿಹ್ನೆ ಕೆಲವು ಮೀಟರುಗಳಲ್ಲಿ ಬರುತ್ತದೆ. ಅಗ್ಗದವುಗಳಲ್ಲಿ ಅದನ್ನೇ ನಂಬಿ ಕೂರುವಂತಿಲ್ಲ.

ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ನೋಡಬಹುದು. ಒಂದು ಮನೆಯ ಇನ್ವರ್ಟರು ಸರಿಯಾಗಿಯೇ 13.60 ವೋಲ್ಟ್ ಫ್ಲೋಟ್ ಕೊಡುತ್ತಿದೆ ಎಂದು ಇಟ್ಟುಕೊಳ್ಳೋಣ. ದುರಸ್ತಿಗೆ ಬಂದವರ ಮೀಟರಿನಲ್ಲಿ ಆಧಾರವು 100ರಿಂದ 95 ಮಿಲಿವೋಲ್ಟಿಗೆ ಕುಸಿದಿದೆ. ಮೀಟರು 14.32 ಎಂದು ತೋರಿಸುತ್ತದೆ. ಚಾರ್ಜರು ಅತಿಯಾಗಿ ತುಂಬಿಸುತ್ತಿದೆ ಎಂದು ಬಗೆದ ದುರಸ್ತಿಗಾರರು ತಿರುಪನ್ನು ತಿರುಗಿಸಿ ಅಂಕಿಯನ್ನು 13.60ಕ್ಕೆ ತರುತ್ತಾರೆ. ನಿಜವಾದ ವೋಲ್ಟೇಜು ಈಗ 12.92ಕ್ಕೆ ಇಳಿದಿದೆ. ಕೋಶವೊಂದಕ್ಕೆ 2.15 ವೋಲ್ಟ್ ಮಾತ್ರ ದೊರೆಯುವ ಈ ಸ್ಥಿತಿಯಲ್ಲಿ ಬ್ಯಾಟರಿ ಎಂದೂ ಪೂರ್ತಿ ತುಂಬುವುದಿಲ್ಲ. ಮೇಲೆ ಹೇಳಿದ ಸಲ್ಫೇಟಿನ ಹರಳುಗಳು ಅಂದಿನಿಂದಲೇ ಬೆಳೆಯತೊಡಗುತ್ತವೆ. ಸರಿಯಿದ್ದ ಚಾರ್ಜರು ಕೆಟ್ಟಿತು, ಕೆಲವು ತಿಂಗಳಲ್ಲಿ ಸಾವಿರಾರು ರೂಪಾಯಿಯ ಬ್ಯಾಟರಿಯೂ ಕೆಟ್ಟಿತು. ಬದಲಾಯಿಸಬೇಕಾಗಿದ್ದುದು ಮೀಟರಿನೊಳಗಿನ ಚಿಕ್ಕ ಬ್ಯಾಟರಿಯನ್ನು. ಇದರಲ್ಲಿ ಯಾರ ಮೋಸವೂ ಇಲ್ಲ. ಎಲ್ಲರೂ ತಮಗೆ ಕಂಡ ಅಂಕಿಯನ್ನು ನಂಬಿದ್ದಾರೆ.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳು

ಮೊದಲು ಮೀಟರಿಗೆ ಹೊಸ 9 ವೋಲ್ಟ್ ಬ್ಯಾಟರಿ ಹಾಕತಕ್ಕದ್ದು. ಅನಂತರ ಎರಡೂ ಪ್ರೋಬುಗಳ ತುದಿಗಳನ್ನು ಒಂದಕ್ಕೊಂದು ಮುಟ್ಟಿಸಿದರೆ 20 ವೋಲ್ಟಿನ ವ್ಯಾಪ್ತಿಯಲ್ಲಿ 0.00 ಬರಬೇಕು. ಒಂದು ಹೊಸ ಶುಷ್ಕ ಕೋಶವನ್ನು ಅಳೆದು, ಪ್ರೋಬುಗಳನ್ನು ಅದಲುಬದಲು ಮಾಡಿ ಮತ್ತೆ ಅಳೆದರೆ ಋಣ ಚಿಹ್ನೆ ಬಿಟ್ಟು ಉಳಿದ ಅಂಕಿ ಅಷ್ಟೇ ಇರಬೇಕು. ಅದೇ ಕೋಶವನ್ನು 2 ವೋಲ್ಟಿನ ವ್ಯಾಪ್ತಿಯಲ್ಲಿಯೂ 20 ವೋಲ್ಟಿನ ವ್ಯಾಪ್ತಿಯಲ್ಲಿಯೂ ಅಳೆದು ನೋಡಬೇಕು. ಒಂದರಲ್ಲಿ 1.562, ಇನ್ನೊಂದರಲ್ಲಿ 1.56 ಬಂದರೆ ಒಳಗಿನ ರೋಧಕಗಳು ಪರಸ್ಪರ ಒಪ್ಪುತ್ತಿವೆ ಎಂದರ್ಥ, 1.62 ಬಂದರೆ ಯಾವುದೋ ವ್ಯಾಪ್ತಿ ಸುಳ್ಳು ಹೇಳುತ್ತಿದೆ. ಕೋಶದ ವೋಲ್ಟೇಜು ಮಾತ್ರ ಯಾವ ಮಾನಕವೂ ಅಲ್ಲ. ಹೊಸ ಕೋಶಗಳೇ ಒಂದರಿಂದ ಒಂದಕ್ಕೆ ಬೇರೆಯಾಗಿರುತ್ತವೆ.

ಸ್ನೇಹಿತರ ಮೀಟರನ್ನು ತಂದು ಪಕ್ಕದಲ್ಲಿಟ್ಟು ಹೋಲಿಸುವುದು ಇನ್ನೊಂದು ರೂಢಿ. ಎರಡೂ ಬೇರೆ ಬೇರೆ ಹೇಳಿದರೆ ಒಂದಾದರೂ ತಪ್ಪು ಎಂಬುದು ಖಚಿತ. ಎರಡೂ ಒಂದೇ ಹೇಳಿದರೆ ಎರಡೂ ಸರಿ ಎಂದು ಹೇಳಲು ಬರುವುದಿಲ್ಲ, ಮುಖ್ಯವಾಗಿ ಒಂದೇ ಅಂಗಡಿಯಿಂದ ಒಂದೇ ದಿನ ತಂದವಾಗಿದ್ದರೆ.

ನೀರು ಹಾಕುವ ಬಗೆಯ ಬ್ಯಾಟರಿ ಇರುವವರಿಗೆ ವಿದ್ಯುತ್ ಮಾಪನದ ಹಂಗಿಲ್ಲದ ಒಬ್ಬ ಸಾಕ್ಷಿ ಮನೆಯಲ್ಲೇ ಇದ್ದಾನೆ. ಅದು ಆಮ್ಲದ ಸಾಪೇಕ್ಷ ಸಾಂದ್ರತೆಯನ್ನು ಅಳೆಯುವ ಹೈಡ್ರೋಮೀಟರು. ಚಾರ್ಜರನ್ನು ಆರಿಸಿ, ಯಾವ ಉಪಕರಣವನ್ನೂ ನಡೆಸದೆ ಬ್ಯಾಟರಿಗೆ ಕೆಲವು ಗಂಟೆ ವಿರಾಮ ಕೊಟ್ಟ ಮೇಲೆ ಸಾಂದ್ರತೆಯ ಅಂಕಿಗೆ 0.84ನ್ನು ಕೂಡಿಸಿದರೆ ಒಂದು ಕೋಶದ ವೋಲ್ಟೇಜು ಸುಮಾರಾಗಿ ದೊರೆಯುತ್ತದೆ. 1.250 ಸಾಂದ್ರತೆ ಬಂದರೆ ಕೋಶಕ್ಕೆ 2.09, ಆರಕ್ಕೆ 12.54 ವೋಲ್ಟ್. ಇದು ಸ್ಥೂಲ ಲೆಕ್ಕವಾದರೂ ಮೀಟರು ಆ ವೇಳೆಗೆ 13.2 ಎಂದು ತೋರಿಸುತ್ತಿದ್ದರೆ ತಪ್ಪು ಎಲ್ಲಿದೆ ಎಂಬುದು ತಿಳಿದುಹೋಗುತ್ತದೆ. ಅಂತೆಯೇ ಫ್ಲೋಟ್ ವೋಲ್ಟೇಜು 14.3 ಇದೆ ಎಂದು ಮೀಟರು ಹೇಳುತ್ತಿದ್ದರೂ ತಿಂಗಳುಗಟ್ಟಲೆ ನೀರಿನ ಮಟ್ಟ ಇಳಿಯದಿದ್ದರೆ ಸಂದೇಹ ಪಡಬೇಕಾದದ್ದು ಮೀಟರನ್ನು.

ವೋಲ್ಟ್ ಎಲ್ಲಿಂದ ಬರುತ್ತದೆ

ಒಂದು ವೋಲ್ಟ್ ಎಂದರೆ ಎಷ್ಟು ಎಂಬುದನ್ನು ಎಲ್ಲೋ ಒಂದು ಕಡೆ ಖಚಿತವಾಗಿ ಕಾಪಾಡಿಕೊಂಡು ಬರಬೇಕಷ್ಟೆ. ಎಡ್ವರ್ಡ್ ವೆಸ್ಟನ್ 1893ರಲ್ಲಿ ರೂಪಿಸಿದ, ಪಾದರಸ ಮತ್ತು ಕ್ಯಾಡ್ಮಿಯಂಗಳ ವಿದ್ಯುತ್ಕೋಶವು ಸುಮಾರು 1.018 ವೋಲ್ಟನ್ನು ಅತ್ಯಂತ ಸ್ಥಿರವಾಗಿ ಕೊಡುತ್ತಿದ್ದುದರಿಂದ ಅದು ಬಹುಕಾಲ ಜಗತ್ತಿನ ಮಾನಕವಾಗಿತ್ತು. ಬ್ರಯನ್ ಜೋಸೆಫ್ಸನ್ ಎಂಬ ಇಂಗ್ಲೆಂಡಿನ ಯುವ ವಿಜ್ಞಾನಿ 1962ರಲ್ಲಿ ಮುನ್ಸೂಚಿಸಿದ ಪರಿಣಾಮವೊಂದರಿಂದ ವೋಲ್ಟನ್ನು ವಿದ್ಯುತ್ ತರಂಗದ ಆವೃತ್ತಿಯ ಮೂಲಕ ಪಡೆಯುವುದು ಸಾಧ್ಯವಾಯಿತು. 1990ರ ಜನವರಿ 1ರಿಂದ ಎಲ್ಲ ದೇಶಗಳೂ ಇದಕ್ಕೆ ಒಂದೇ ಅಂಕಿಯನ್ನು ಬಳಸತೊಡಗಿದವು. 2019ರ ಮೇ 20ರಂದು ಮೂಲಮಾನಗಳ ಹೊಸ ವ್ಯಾಖ್ಯೆ ಜಾರಿಗೆ ಬಂದಾಗ ಆ ಅಂಕಿ ಕೋಟಿಯಲ್ಲಿ ಒಂದು ಪಾಲಿನಷ್ಟು ಬದಲಾಯಿತು. ಅಂಗಡಿಯ ಮೀಟರಿಗೆ ಚೀಟಿಯಲ್ಲೇ ಒಪ್ಪಿಕೊಂಡಿರುವ ತಪ್ಪು ಇದರ ಐವತ್ತು ಸಾವಿರ ಪಟ್ಟು.

ನಮ್ಮ ದೇಶದಲ್ಲಿ ಈ ಮಾನಕಗಳನ್ನು ಕಾಪಾಡುವ ಹೊಣೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು. 1947ರ ಜನವರಿ 4ರಂದು ಜವಾಹರಲಾಲ್ ನೆಹರೂ ಅವರು ಶಂಕುಸ್ಥಾಪನೆ ಮಾಡಿದ ಈ ಸಂಸ್ಥೆಯ ಮೊದಲ ನಿರ್ದೇಶಕರು ಕೆ.ಎಸ್. ಕೃಷ್ಣನ್. ಅಲ್ಲಿನ ಮಾನಕಕ್ಕೆ ಹೋಲಿಸಿದ ಉಪಕರಣಗಳಿಂದ ಇತರ ಪ್ರಯೋಗಾಲಯಗಳೂ, ಅವುಗಳಿಂದ ಕಾರ್ಖಾನೆಗಳೂ ತಮ್ಮ ಮೀಟರುಗಳನ್ನು ಸರಿಪಡಿಸಿಕೊಳ್ಳುತ್ತವೆ. ಹೀಗೆ ಮೇಲಿನ ಮಾನಕಕ್ಕೆ ಹೋಲಿಸಿ ತಪ್ಪನ್ನು ಅರಿಯುವ ಕೆಲಸಕ್ಕೆ ಮಾಪನಾಂಕ ನಿರ್ಣಯ ಎಂದು ಹೆಸರು. ಕ್ಯಾಲಿಬ್ರೇಷನ್ ಎಂದು ಎಲ್ಲರೂ ಹೇಳುವುದು ಇದನ್ನೇ. ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದ ಎಸ್‌ಟಿಕ್ಯೂಸಿ ವಿಭಾಗದ ಪ್ರಯೋಗಾಲಯಗಳು ದೆಹಲಿ, ಮುಂಬಯಿ, ಚೆನ್ನೈ, ಹೈದರಾಬಾದ್ ಮತ್ತು ಬೆಂಗಳೂರುಗಳಲ್ಲಿವೆ. ಎನ್‌ಎಬಿಎಲ್ ಮಾನ್ಯತೆ ಪಡೆದ ಖಾಸಗಿ ಪ್ರಯೋಗಾಲಯಗಳು ಪುಣೆಯೂ ಸೇರಿದಂತೆ ಎಲ್ಲ ದೊಡ್ಡ ನಗರಗಳಲ್ಲಿ ಇವೆ.

ಅಗ್ಗದ ಮೀಟರೊಂದನ್ನು ಅಲ್ಲಿಗೆ ಒಯ್ದರೆ ಮೀಟರಿನ ಬೆಲೆಗಿಂತ ಶುಲ್ಕವೇ ಹೆಚ್ಚಾಗುವ ಸಂಭವವುಂಟು. ಆದುದರಿಂದ ಒಂದು ಮನೆಗೆ ಇದು ಅನಾವಶ್ಯಕ. ಇನ್ವರ್ಟರ್ ದುರಸ್ತಿಯನ್ನೇ ವೃತ್ತಿಯಾಗಿ ಮಾಡುವ ಅಂಗಡಿಯು ಮಾತ್ರ ಒಂದು ಒಳ್ಳೆಯ ಮೀಟರನ್ನು ವರ್ಷಕ್ಕೊಮ್ಮೆ ಪರೀಕ್ಷೆಗೆ ಕಳುಹಿಸಿ, ಅದನ್ನು ದಿನದ ಕೆಲಸಕ್ಕೆ ಬಳಸದೆ, ಉಳಿದ ಮೀಟರುಗಳನ್ನು ಅದಕ್ಕೆ ಹೋಲಿಸಿಕೊಳ್ಳುವುದು ಉಚಿತ. ಹೊಸ ಮೀಟರಿನ ಬೆನ್ನಿಗೆ ಅಂಟಿಸಿದ ಬಣ್ಣದ ಚೀಟಿ ಪ್ರಮಾಣಪತ್ರವಲ್ಲ. ನಿಜವಾದ ಪ್ರಮಾಣಪತ್ರದಲ್ಲಿ ಅಳೆದ ಅಂಕಿ, ಕಂಡ ತಪ್ಪು, ಆ ಅಳತೆಯಲ್ಲೇ ಉಳಿಯುವ ಸಂದೇಹ, ದಿನಾಂಕ ಇವೆಲ್ಲ ಇರುತ್ತವೆ.

ಆಸಕ್ತರಿಗೆ ನಡುವಣ ದಾರಿಯೊಂದಿದೆ. ಎಡಿ 584 ಎಂಬ ಸಂಕಲಿತ ಮಂಡಲವನ್ನು ಕೂರಿಸಿದ, 2.5, 5, 7.5 ಮತ್ತು 10 ವೋಲ್ಟುಗಳನ್ನು ಕೊಡುವ ಆಧಾರ ಫಲಕಗಳು ಬಿಡಿಭಾಗಗಳ ಅಂಗಡಿಗಳಲ್ಲಿ ಸಿಗುತ್ತವೆ. ಕೊಳ್ಳುವಾಗ ಅದರ ದರ್ಜೆಯನ್ನು ಕೇಳಬೇಕು. ಜೆ ದರ್ಜೆಯದು 10 ವೋಲ್ಟಿನಲ್ಲಿ 30 ಮಿಲಿವೋಲ್ಟಿನವರೆಗೆ ತಪ್ಪಬಹುದು, ಕೆ ದರ್ಜೆಯದು 10 ಮಿಲಿವೋಲ್ಟ್, ಎಲ್ ದರ್ಜೆಯದು 5 ಮಿಲಿವೋಲ್ಟ್. ಪರೀಕ್ಷಿಸುವ ಮಾನಕವು ಪರೀಕ್ಷೆಗೆ ಒಳಗಾಗುವ ಉಪಕರಣಕ್ಕಿಂತ ಕಡೇಪಕ್ಷ ನಾಲ್ಕು ಪಟ್ಟು ನಿಖರವಾಗಿರಬೇಕು ಎಂಬುದು ಈ ಕೆಲಸದ ರೂಢಿಯ ನಿಯಮ. ಶೇಕಡಾ 0.5ರ ಮೀಟರಿಗೆ ಕೆ ಮತ್ತು ಎಲ್ ದರ್ಜೆಗಳು ಈ ನಿಯಮಕ್ಕೆ ಒಪ್ಪುತ್ತವೆ, ಜೆ ದರ್ಜೆಯು ಒಪ್ಪುವುದಿಲ್ಲ.

ಮೀಟರು ಮತ್ತು ಫಲಕಗಳನ್ನು ಅರ್ಧ ಗಂಟೆ ಒಂದೇ ಕೋಣೆಯಲ್ಲಿಟ್ಟು ನಾಲ್ಕೂ ವೋಲ್ಟೇಜುಗಳನ್ನು ಅಳೆದು ಬರೆದುಕೊಳ್ಳಬೇಕು. 2.52, 5.04, 7.56, 10.08 ಎಂದು ಬಂದರೆ ಮೀಟರು ಎಲ್ಲೆಡೆ ಶೇಕಡಾ 0.8ರಷ್ಟು ಹೆಚ್ಚು ತೋರಿಸುತ್ತಿದೆ. ತೂಕದ ಕಲ್ಲು ಅಷ್ಟು ಸವೆದಿದೆ. ನಾಲ್ಕರಲ್ಲಿಯೂ ಒಂದೇ ಸಮನಾಗಿ 0.03 ಹೆಚ್ಚು ಬಂದರೆ ಅದು ಸೊನ್ನೆಯ ತಪ್ಪು. ಮೊದಲನೆಯ ಬಗೆಯನ್ನು ತಿದ್ದಲು ಮೀಟರಿನೊಳಗೆ ಕೆಲಸಗಾರರು ಪ್ರೀಸೆಟ್ ಎಂದು ಕರೆಯುವ ಚಿಕ್ಕ ತಿರುಪು ಇರುತ್ತದೆ. ಆದರೆ ಅದನ್ನು ಮುಟ್ಟದಿರುವುದೇ ಹೆಚ್ಚಿನವರಿಗೆ ಕ್ಷೇಮ. ಒಂದು ತಿರುಪು ಎಲ್ಲ ವ್ಯಾಪ್ತಿಗಳನ್ನೂ ಒಟ್ಟಿಗೆ ಬದಲಾಯಿಸಬಹುದು. ಒಂದಕ್ಕಿಂತ ಹೆಚ್ಚು ತಿರುಪುಗಳಿದ್ದರೆ ಯಾವುದು ಯಾವುದಕ್ಕೆ ಎಂಬುದು ಬಹಳ ಸಲ ಬರೆದಿರುವುದಿಲ್ಲ. ಅದರ ಬದಲು ‘20 ವೋಲ್ಟ್ ವ್ಯಾಪ್ತಿ: ಶೇಕಡಾ 0.8 ಹೆಚ್ಚು’ ಎಂದು ದಿನಾಂಕದೊಡನೆ ಬರೆದು ಮೀಟರಿನ ಬೆನ್ನಿಗೆ ಅಂಟಿಸಿದರೆ ಸಾಕು. ಆ ಮೀಟರಿನಲ್ಲಿ 13.71 ಕಂಡರೆ ನಿಜವಾಗಿ 13.60 ಎಂದು ಓದಿಕೊಳ್ಳಬಹುದು. ತಪ್ಪು ಎಷ್ಟೆಂದು ತಿಳಿದಿರುವ ಅಗ್ಗದ ಮೀಟರು ತಪ್ಪು ಗೊತ್ತಿಲ್ಲದ ದುಬಾರಿ ಮೀಟರಿಗಿಂತ ಹೆಚ್ಚು ಉಪಯುಕ್ತ.

ಚಾರ್ಜರನ್ನು ಅಳೆಯುವ ಕ್ರಮ

ಇಷ್ಟಾದ ಮೇಲೆ ಚಾರ್ಜರಿನ ಸರದಿ. ಬ್ಯಾಟರಿಗೆ ಜೋಡಿಸದ ಬರಿಯ ಚಾರ್ಜರನ್ನು ಅಳೆದು ತೀರ್ಮಾನಕ್ಕೆ ಬರಬಾರದು. ಹಳೆಯ ಬಗೆಯ ಟ್ರಾನ್ಸ್‌ಫಾರ್ಮರ್ ಚಾರ್ಜರುಗಳಿಂದ ಏರಿಳಿಯುವ ವಿದ್ಯುತ್ತು ಬರುತ್ತಿದ್ದು ಮೀಟರು ಅದರ ಸರಾಸರಿಯನ್ನು ಮಾತ್ರ ತೋರಿಸುತ್ತದೆ. ಈಚಿನ ಕೆಲವು ಚಾರ್ಜರುಗಳು ಬ್ಯಾಟರಿ ಇಲ್ಲದಿದ್ದರೆ ವೋಲ್ಟೇಜನ್ನೇ ಕೊಡುವುದಿಲ್ಲ. ಬ್ಯಾಟರಿ ಪೂರ್ತಿ ತುಂಬಿ, ಪ್ರವಾಹ ತಗ್ಗಿದ ಮೇಲೆ ಅಳೆದದ್ದೇ ಫ್ಲೋಟ್ ವೋಲ್ಟೇಜು.

ಅಳೆಯುವ ಸ್ಥಳವೂ ಮುಖ್ಯ. 4 ಚದರ ಮಿಲಿಮೀಟರ್ ಗಾತ್ರದ ತಾಮ್ರದ ತಂತಿಗೆ ಮೀಟರೊಂದಕ್ಕೆ ಸುಮಾರು 5 ಮಿಲಿ ಓಮ್ ರೋಧವಿರುತ್ತದೆ. ಹೋಗಲು ಒಂದು ಮೀಟರ್, ಬರಲು ಒಂದು ಮೀಟರ್ ತಂತಿಯಲ್ಲಿ 10 ಆಂಪಿಯರ್ ಹರಿದರೆ ದಾರಿಯಲ್ಲೇ ಒಂದು ವೋಲ್ಟಿನ ಹತ್ತನೆಯ ಒಂದು ಭಾಗ ಕಳೆದುಹೋಗುತ್ತದೆ. ಕಿಲುಬು ಹಿಡಿದ ಜೋಡಣೆಯಿದ್ದರೆ ನಷ್ಟ ಇನ್ನೂ ಹೆಚ್ಚು. ಹಾಗಾಗಿ ಪ್ರೋಬುಗಳನ್ನು ಚಾರ್ಜರಿನ ಬಳಿಯಲ್ಲಲ್ಲ, ಬ್ಯಾಟರಿಯ ಸೀಸದ ಕಂಬಗಳ ಮೇಲೆಯೇ ಇಡಬೇಕು. ತಂತಿಯ ತುದಿಯ ಕ್ಲಿಪ್ಪಿನ ಮೇಲೂ ಅಲ್ಲ.

ಉಷ್ಣತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೇಲೆ ಕೊಟ್ಟ ಅಂಕಿಗಳು 25 ಡಿಗ್ರಿಗೆ ಅನ್ವಯಿಸುವಂಥವು. ಒಂದೊಂದು ಡಿಗ್ರಿ ಏರಿದಂತೆ ಕೋಶಕ್ಕೆ 3ರಿಂದ 4 ಮಿಲಿವೋಲ್ಟ್ ತಗ್ಗಿಸಬೇಕಾಗುತ್ತದೆ. ಬ್ಯಾಟರಿಯ ಸುತ್ತ 40 ಡಿಗ್ರಿ ಇದ್ದರೆ ಒಟ್ಟು 0.3 ವೋಲ್ಟಿನಷ್ಟು ಇಳಿಕೆ. ಬೇಸಿಗೆಯ ಮಧ್ಯಾಹ್ನ 13.3 ಕಂಡರೆ ಒಳ್ಳೆಯ ಚಾರ್ಜರು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರಬಹುದು. ಅಳೆದ ದಿನ, ಹೊತ್ತು, ಉಷ್ಣತೆಗಳನ್ನು ವೋಲ್ಟೇಜಿನ ಪಕ್ಕದಲ್ಲಿ ಬರೆದಿಟ್ಟರೆ ಮುಂದಿನ ಸಲ ಬರುವ ದುರಸ್ತಿಗಾರರಿಗೆ ಅದು ಬಾಯಿಮಾತಿನ ದೂರಿಗಿಂತ ಹೆಚ್ಚು ನೆರವಾಗುತ್ತದೆ.

ಅಳೆಯುವ ಮುನ್ನ ಕೆಂಪು ಪ್ರೋಬು 10 ಆಂಪಿಯರಿನ ಕಿಂಡಿಯಲ್ಲಿ ಇಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ಅಗ್ಗದ ಮೀಟರುಗಳಲ್ಲಿ ಆ ಕಿಂಡಿಗೆ ಹಲವು ಸಲ ಫ್ಯೂಸೇ ಇರುವುದಿಲ್ಲ. ಅಲ್ಲಿಂದ ಬ್ಯಾಟರಿಯನ್ನು ಮುಟ್ಟಿದರೆ ನೂರಾರು ಆಂಪಿಯರ್ ಹರಿದು ತಂತಿ ಕಣ್ಣೆದುರೇ ಉರಿಯಬಹುದು. ಉಂಗುರ, ಬಳೆ, ಲೋಹದ ಗಡಿಯಾರದ ಪಟ್ಟಿಗಳನ್ನು ತೆಗೆದಿಡಬೇಕು. ತುಂಬುತ್ತಿರುವ ಬ್ಯಾಟರಿಯಿಂದ ಬರುವ ಜಲಜನಕವು ಗಾಳಿಯಲ್ಲಿ ಶೇಕಡಾ 4ನ್ನು ಮುಟ್ಟಿದರೆ ಒಂದು ಕಿಡಿ ಸಾಕಾಗುವುದರಿಂದ ಕಿಟಕಿ ತೆರೆದಿರಬೇಕು. ಚಾರ್ಜರಿನ ಪೆಟ್ಟಿಗೆಯನ್ನಂತೂ ಬಳಕೆದಾರರು ತೆರೆಯಲೇಬಾರದು. ಈಚಿನ ಚಾರ್ಜರುಗಳ ಒಳಗಿನ ಧಾರಕವು ಮನೆಯ 230 ವೋಲ್ಟ್ ವಿದ್ಯುತ್ತಿನಿಂದ ಸುಮಾರು 325 ವೋಲ್ಟಿನವರೆಗೆ ತುಂಬಿಕೊಂಡಿರುತ್ತದೆ. ಪ್ಲಗ್ಗನ್ನು ಕಿತ್ತ ಮೇಲೂ ಅದು ಸ್ವಲ್ಪ ಹೊತ್ತು ಹಾಗೆಯೇ ಉಳಿದಿರಬಹುದು.